ಹೊಸ ಗಿರಾಕಿ ಬಂದ ದಾರಿ

ಬಿಳಿಚೋಡು ಜಗಳೂರು ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ದಾವಣಗೆರೆಗೂ ಜಗಳೂರಿಗೂ ನಡುವೆ ಓಡಾಡುವ ಬಸ್ಸುಗಳು ನಿಲ್ಲುವ ಊರು. ಇಂಥ ಊರಿನ ಕ್ಷೌರದಂಗಡಿಗೆ ಹೊಸಬರೊಬ್ಬರು ಬಂದು ಕುರ್ಚಿಯ ಮೇಲೆ ಕೂತರೆ ಮೊದಲು ಕೇಳಿಬರುವ ಮಾತು ಒಂದೇ: ‘ಯಾವೂರಾತು?’ ಅಲ್ಲಿಂದ ಮಾತಿಗೆ ಮಾತು ಬೆಳೆಯುತ್ತದೆ. ಮಳೆ ಬಂತೋ ಇಲ್ಲವೋ, ಮೆಕ್ಕೆಜೋಳಕ್ಕೆ ಏನು ದರ, ಈರುಳ್ಳಿ ಈ ಸಲ ಕೈ ಹಿಡಿಯಿತೋ ಕೈ ಕೊಟ್ಟಿತೋ, ಮಗಳಿಗೆ ಗಂಡು ಗೊತ್ತಾಯಿತೋ, ಮಗ ಪಿಯುಸಿಯಲ್ಲಿ ಎಷ್ಟು ತೆಗೆದ. ಹೊದಿಸಿದ ಬಿಳಿ ಬಟ್ಟೆಯನ್ನು ಕೊಡವುವ ಹೊತ್ತಿಗೆ ಆ ಮನುಷ್ಯನ ಅರ್ಧ ಜಾತಕ ಅಂಗಡಿಯವನ ಬಾಯಲ್ಲಿರುತ್ತದೆ.

ಆದರೆ ಒಂದು ಸಂಗತಿ ಮಾತ್ರ ಗೊತ್ತಿರುವುದಿಲ್ಲ. ಇಷ್ಟು ಅಂಗಡಿಗಳಿರುವಾಗ ಈತ ಇದೇ ಕುರ್ಚಿಗೆ ಯಾಕೆ ಬಂದ? ಯಾರು ಕಳಿಸಿದರು? ಏನು ನೋಡಿ ಒಳಗೆ ಕಾಲಿಟ್ಟ?

ಕೇಳುವುದಕ್ಕೆ ಸಣ್ಣ ಪ್ರಶ್ನೆ. ಆದರೆ ಆ ಅಂಗಡಿಯ ದುಡಿಮೆಯಿಂದಲೇ ಮನೆಯ ಸಂತೆ, ಮಕ್ಕಳ ಫೀಜು, ಹಾಸ್ಟೆಲ್ ಖರ್ಚು ಎಲ್ಲ ನಡೆಯಬೇಕಾದಾಗ ಈ ಪ್ರಶ್ನೆಯ ತೂಕ ಬೇರೆಯಾಗುತ್ತದೆ. ಕೈಯಲ್ಲಿ ಎರಡು ಸಾವಿರ ರೂಪಾಯಿ ಉಳಿದಿದೆ ಎಂದಿಟ್ಟುಕೊಳ್ಳಿ. ಅದನ್ನು ಹೊಸ ಬೋರ್ಡಿಗೆ ಹಾಕಬೇಕೋ, ಕರಪತ್ರ ಹೊಡೆಸಿ ಹಂಚಬೇಕೋ, ಹೊಸ ಕನ್ನಡಿ ತರಬೇಕೋ? ಈಗ ಬರುತ್ತಿರುವವರು ಯಾವ ದಾರಿಯಿಂದ ಬರುತ್ತಿದ್ದಾರೆಂದು ಗೊತ್ತಿದ್ದವನು ಈ ಪ್ರಶ್ನೆಗೆ ಲೆಕ್ಕ ಹಾಕಿ ಉತ್ತರಿಸುತ್ತಾನೆ. ಗೊತ್ತಿಲ್ಲದವನು ಕತ್ತಲಲ್ಲಿ ಕಲ್ಲು ಹೊಡೆಯುತ್ತಾನೆ.

ಇದು ಬಿಳಿಚೋಡಿನ ಸಣ್ಣ ಅಂಗಡಿಯ ತೊಂದರೆ ಮಾತ್ರವಲ್ಲ. ಜಾಹೀರಾತಿಗೆ ಹಾಕಿದ ಹಣದಲ್ಲಿ ಅರ್ಧ ವ್ಯರ್ಥವಾಗುತ್ತದೆಂದು ತಿಳಿದಿದೆ, ಯಾವ ಅರ್ಧವೆಂಬುದು ಮಾತ್ರ ತಿಳಿಯದು ಎಂಬ ಅರ್ಥದ ಮಾತೊಂದು ಅಮೆರಿಕದ ದೊಡ್ಡ ವ್ಯಾಪಾರಿ ಜಾನ್ ವಾನಾಮೇಕರ್ ಹೆಸರಿನಲ್ಲಿ ಪ್ರಚಲಿತವಾಗಿದೆ. ಊರಿಗೇ ದೊಡ್ಡ ಅಂಗಡಿಯಿದ್ದವನ ಪಾಡೇ ಹಾಗಿದ್ದರೆ ಎರಡು ಕುರ್ಚಿಯ ಅಂಗಡಿಯವನ ಪಾಡೇನು?

ಆಯದ ಕಾಲದಲ್ಲಿ ಹೊಸಬರೇ ಇರಲಿಲ್ಲ

ಈ ಪ್ರಶ್ನೆ ಹುಟ್ಟಿದ್ದೇ ಇತ್ತೀಚೆಗೆ ಎನ್ನಬಹುದು. ಹಿಂದೆ ಕರ್ನಾಟಕದ ಹಳ್ಳಿಗಳಲ್ಲಿ ಹನ್ನೆರಡು ಮಂದಿ ಆಯಗಾರರು ಎಂಬ ವ್ಯವಸ್ಥೆ ಇತ್ತು. ಬಡಗಿ, ಕಮ್ಮಾರ, ಅಗಸ, ತಳವಾರ ಇವರ ಸಾಲಿನಲ್ಲಿ ಕ್ಷೌರಿಕನೂ ಒಬ್ಬ. ಕೆಲಸಕ್ಕೆ ಅಂದಂದೇ ಕಾಸು ಇಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಮನೆಗಿಷ್ಟು ಎಂದು ಕಾಳು ಅಳೆದು ಕೊಡುತ್ತಿದ್ದರು. ಅದೇ ಆಯ. ಯಾವ ಮನೆಗೆ ಯಾರು ಹೋಗಬೇಕೆಂಬುದು ತಂದೆಯ ಕಾಲಕ್ಕೇ ನಿಶ್ಚಯವಾಗಿರುತ್ತಿತ್ತು. ಗಿರಾಕಿ ಕ್ಷೌರಿಕನನ್ನು ಹುಡುಕಿ ಬರುತ್ತಿರಲಿಲ್ಲ. ಕ್ಷೌರಿಕನೇ ಹಡಪ ಹಿಡಿದು ಮನೆ ಬಾಗಿಲಿಗೆ ಹೋಗುತ್ತಿದ್ದ. ಊರಿನವರೆಲ್ಲ ಹಳಬರೇ. ಹೊಸ ಗಿರಾಕಿ ಎಂದರೆ ಊರಿನಲ್ಲಿ ಹುಟ್ಟಿದ ಹೊಸ ಮಗು!

ಕಾಸಿನ ವ್ಯವಹಾರ ಬಂದಿತು, ರಸ್ತೆ ಬಂದಿತು, ಬಸ್ಸು ಬಂದಿತು. ಹಡಪದ ಜಾಗದಲ್ಲಿ ಕನ್ನಡಿ, ತಿರುಗುವ ಕುರ್ಚಿ ಬಂದವು. ಮರದ ಕೆಳಗಿನ ಕೆಲಸ ಬಸ್ ನಿಲ್ದಾಣದ ಪಕ್ಕದ ಸಲೂನಿಗೆ ಸ್ಥಳಾಂತರವಾಯಿತು. ಆಯದ ಹಂಗು ತಪ್ಪಿತು. ಅದರ ಜೊತೆಗೆ ಆಯದ ಭರವಸೆಯೂ ತಪ್ಪಿತು. ಇಂದು ಬಂದವನು ನಾಳೆ ಬರಲೇಬೇಕೆಂದಿಲ್ಲ.

ಈ ಕಸುಬನ್ನು ನೆಚ್ಚಿಕೊಂಡ ಸಂಸಾರಗಳೇನೂ ಕಡಿಮೆಯಲ್ಲ. 2020ರ ಮೇ ತಿಂಗಳಲ್ಲಿ, ಕೊರೊನಾ ಲಾಕ್‌ಡೌನಿನಿಂದ ಅಂಗಡಿಗಳು ಮುಚ್ಚಿದ್ದಾಗ, ರಾಜ್ಯ ಸರ್ಕಾರ ಸುಮಾರು 2.30 ಲಕ್ಷ ಕ್ಷೌರಿಕರಿಗೆ ತಲಾ 5,000 ರೂ. ನೆರವು ಪ್ರಕಟಿಸಿತು. ಅಷ್ಟು ಮನೆಗಳಲ್ಲಿ ಓದುವ ಮಕ್ಕಳೆಷ್ಟು ಎಂದು ಯೋಚಿಸಿದರೆ ಈ ಸಣ್ಣ ಪ್ರಶ್ನೆ ಎಷ್ಟು ಮನೆಗಳದ್ದೆಂಬುದು ಹೊಳೆಯುತ್ತದೆ.

ಒಂದು ವ್ಯಾನಿನ ಕಥೆ

ಗಿರಾಕಿ ಬರುವ ದಾರಿ ಎಷ್ಟು ಅನಿರೀಕ್ಷಿತವಾಗಿರಬಹುದು ಎಂಬುದಕ್ಕೆ ಬೆಂಗಳೂರಿನ ರಮೇಶ್ ಬಾಬು ಅವರ ಬದುಕು ಒಳ್ಳೆಯ ನಿದರ್ಶನ. ತಂದೆಗೆ ಬ್ರಿಗೇಡ್ ರಸ್ತೆಯಲ್ಲಿ ಕ್ಷೌರದಂಗಡಿ ಇತ್ತು. 1989ರಲ್ಲಿ ತಂದೆ ತೀರಿಕೊಂಡಾಗ ಅವರಿನ್ನೂ ಬಾಲಕ. ತಾಯಿ ಅಂಗಡಿಯನ್ನು ದಿನಕ್ಕೆ 5 ರೂ. ಬಾಡಿಗೆಗೆ ಬೇರೆಯವರಿಗೆ ಕೊಟ್ಟು, ಮನೆಗೆಲಸ ಮಾಡಿ ಮಕ್ಕಳನ್ನು ಸಾಕಿದರು. ಮುಂದೆ ಮಗ ಅಂಗಡಿಯನ್ನು ತಾನೇ ವಹಿಸಿಕೊಂಡ. 1990ರ ದಶಕದ ಮೊದಲ ಭಾಗದಲ್ಲಿ ಉಳಿತಾಯದ ಹಣಕ್ಕೆ ಸಾಲ ಸೇರಿಸಿ ಒಂದು ಮಾರುತಿ ವ್ಯಾನು ಕೊಂಡ. ಅದನ್ನು ಬಾಡಿಗೆಗೆ ಬಿಡುವ ದಾರಿ ತೋರಿಸಿದವರು ತಾಯಿ ಕೆಲಸ ಮಾಡುತ್ತಿದ್ದ ಮನೆಯ ಮಹಿಳೆ. ಅವರು ಇಂಟೆಲ್ ಕಂಪನಿಯಲ್ಲಿ ಉದ್ಯೋಗದಲ್ಲಿದ್ದರು. ಆ ಕಂಪನಿಯೇ ವ್ಯಾನಿನ ಮೊದಲ ಗಿರಾಕಿಯಾಯಿತು.

ಮುಂದಿನದು ಪತ್ರಿಕೆಗಳಲ್ಲಿ ಹಲವು ಬಾರಿ ಬಂದ ಕಥೆ. ವ್ಯಾನು ಹೋಗಿ ಕಾರುಗಳ ಸಾಲಾಯಿತು. 2011ರಲ್ಲಿ ರೋಲ್ಸ್ ರಾಯ್ಸ್ ಕೂಡ ಬಂದಿತು. ಆ ಮೇಲೂ ಅವರು ಕತ್ತರಿ ಕೆಳಗಿಡಲಿಲ್ಲ. ಜನ ನೆನಪಿಟ್ಟುಕೊಳ್ಳುವುದು ರೋಲ್ಸ್ ರಾಯ್ಸನ್ನು. ಆದರೆ ಅಂಗಡಿ ನಡೆಸುವವರು ನೆನಪಿಡಬೇಕಾದದ್ದು ಬೇರೆ. ಆ ಮೊದಲ ಗಿರಾಕಿಯನ್ನು ತಂದದ್ದು ಯಾವ ಬೋರ್ಡೂ ಅಲ್ಲ, ಕರಪತ್ರವೂ ಅಲ್ಲ. ತಾಯಿಯ ದುಡಿಮೆಯನ್ನು ಹತ್ತಿರದಿಂದ ಕಂಡಿದ್ದ ಒಬ್ಬರ ಮಾತು. ಆ ದಾರಿ ಕಣ್ಣಿಗೆ ಕಾಣುವಂಥದ್ದಲ್ಲ. ಹಾಗೆಂದೇ ಅದನ್ನು ಕೇಳಿ ತಿಳಿದುಕೊಳ್ಳಬೇಕು.

ಎರಡು ರೂಪಾಯಿಯ ಪೆನ್ನು, ಒಂದು ನೋಟ್‌ಬುಕ್ಕು

ಹಾಗಾದರೆ ತಿಳಿಯುವುದು ಹೇಗೆ? ದೊಡ್ಡ ವಿದ್ಯೆಯೇನೂ ಬೇಡ. ಹೈಸ್ಕೂಲು ಓದುವ ಮಗನೋ ಮಗಳೋ ಮನಸ್ಸು ಮಾಡಿದರೆ ಸಾಕು.

ನೋಟ್‌ಬುಕ್ಕಿನ ಒಂದು ಪುಟದಲ್ಲಿ ಐದಾರು ಗೆರೆಗಳನ್ನು ಹಾಕಬೇಕು. ‘ಪರಿಚಯದವರು ಹೇಳಿದರು’, ‘ಬೋರ್ಡು ನೋಡಿ ಬಂದೆ’, ‘ಯಾವಾಗಲೂ ಹೋಗುವ ಅಂಗಡಿ ಮುಚ್ಚಿತ್ತು’, ‘ಫೋನಿನಲ್ಲಿ ನೋಡಿದೆ’, ‘ಕರಪತ್ರ ಸಿಕ್ಕಿತು’, ಕೊನೆಗೆ ‘ಬೇರೆ’. ಹೊಸಬರು ಬಂದಾಗಲೆಲ್ಲ ಆಯಾ ಸಾಲಿನಲ್ಲಿ ಒಂದು ಗೀಟು. ನಾಲ್ಕು ಗೀಟಿಗೆ ಅಡ್ಡವಾಗಿ ಐದನೆಯದು. ಶಾಲೆಯಲ್ಲಿ ಸಂಖ್ಯಾಶಾಸ್ತ್ರದ ಮೊದಲ ಪಾಠದಲ್ಲಿ ಕಲಿಸುವ ತಾಳೆ ಗುರುತು ಇದೇ.

ಆದರೆ ಕೇಳುವ ರೀತಿಯಲ್ಲಿ ಎಚ್ಚರ ಬೇಕು. ‘ನಮ್ಮ ಬೋರ್ಡು ನೋಡಿ ಬಂದಿರಾ?’ ಎಂದರೆ ಹತ್ತರಲ್ಲಿ ಎಂಟು ಮಂದಿ ‘ಹ್ಞೂಂ’ ಎನ್ನುತ್ತಾರೆ. ಕುತ್ತಿಗೆಯ ಬಳಿ ಕತ್ತಿ ಹಿಡಿದವನ ಮಾತನ್ನು ಯಾರು ತಾನೇ ಅಲ್ಲಗಳೆಯುತ್ತಾರೆ! ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೇಳಬಾರದು. ‘ನಮ್ಮ ಅಂಗಡಿ ನಿಮಗೆ ಹೇಗೆ ಗೊತ್ತಾಯಿತು?’ ಎಂದು ಕೇಳಿ ಸುಮ್ಮನಿರಬೇಕು. ಉಪಚಾರಕ್ಕೆ ‘ನಿಮ್ಮ ಹೆಸರು ಕೇಳಿದ್ದೆ’ ಎನ್ನುವವರೂ ಇರುತ್ತಾರೆ. ಆಗ ‘ಯಾರ ಬಾಯಲ್ಲಿ ಕೇಳಿದಿರಿ?’ ಎಂದರೆ ನಿಜ ಹೊರಬೀಳುತ್ತದೆ.

ಎರಡನೆಯದು, ಕೇಳುವುದಾದರೆ ಹೊಸಬರೆಲ್ಲರನ್ನೂ ಕೇಳಬೇಕು. ಮಾತುಗಾರರನ್ನಷ್ಟೇ ಕೇಳಿದರೆ ಲೆಕ್ಕದಲ್ಲಿ ಮಾತುಗಾರರಷ್ಟೇ ಬರುತ್ತಾರೆ. ಅವಸರದಲ್ಲಿ ಗಡ್ಡ ಕೆರೆಸಿಕೊಂಡು ಬಸ್ಸಿಗೆ ಓಡುವವನೂ ಗಿರಾಕಿಯೇ.

ಮೂರನೆಯದು, ಕೂಡಲೇ ಬರೆಯಬೇಕು. ರಾತ್ರಿ ಬಾಗಿಲು ಹಾಕುವಾಗ ನೆನಪು ಮಾಡಿಕೊಂಡು ಬರೆದರೆ ಆ ದಿನ ನಗಿಸಿದವನೋ ಜಗಳವಾಡಿದವನೋ ಮಾತ್ರ ನೆನಪಿಗೆ ಬರುತ್ತಾನೆ.

ನಾಲ್ಕನೆಯದು ಕಾಲಮಾನ. ಕರ್ನಾಟಕದ ಹೆಚ್ಚಿನ ಊರುಗಳಲ್ಲಿ ಮಂಗಳವಾರ ಕ್ಷೌರದಂಗಡಿಗಳಿಗೆ ರಜೆ. ಶ್ರಾವಣದಲ್ಲಿ ಗಡ್ಡ ಬಿಡುವವರು ಬಹಳ. ಯುಗಾದಿಯ ಮುಂಚೆ, ಮದುವೆ ಸುಗ್ಗಿಯಲ್ಲಿ, ಜಾತ್ರೆಯ ಹಿಂದಿನ ದಿನಗಳಲ್ಲಿ ಕುರ್ಚಿ ಖಾಲಿಯಿರುವುದಿಲ್ಲ. ದಾವಣಗೆರೆಯ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆ ತಿಂಗಳ ಲೆಕ್ಕವನ್ನು ಜಾತ್ರೆಯಿಲ್ಲದ ವರ್ಷದ ಲೆಕ್ಕಕ್ಕೆ ಹೋಲಿಸಿ ‘ವ್ಯಾಪಾರ ಬಿತ್ತು’ ಎಂದು ಕೊರಗಿದರೆ ಅದು ಲೆಕ್ಕದ ತಪ್ಪು, ಕೈಯ ತಪ್ಪಲ್ಲ.

ಲೆಕ್ಕ ಹೇಳುವ ಮಾತು

ಒಂದು ಉದಾಹರಣೆಯನ್ನು ಊಹಿಸಿಕೊಳ್ಳಿ. ಒಂದು ಅಂಗಡಿಗೆ ಮೂರು ತಿಂಗಳಲ್ಲಿ 100 ಹೊಸಬರು ಬಂದರು. ಪರಿಚಯದವರ ಮಾತು ಕೇಳಿ ಬಂದವರು 46. ಬಸ್ಸಿಗೆ ಕಾಯುತ್ತ ಬೋರ್ಡು ನೋಡಿ ಬಂದವರು 27. ತಮ್ಮ ಮಾಮೂಲಿ ಅಂಗಡಿ ಮುಚ್ಚಿದ್ದರಿಂದ ಬಂದವರು 14. ಫೋನಿನಲ್ಲಿ ನೋಡಿ ಬಂದವರು 9. ಕರಪತ್ರ ಕಂಡು ಬಂದವರು 4.

ಕರಪತ್ರಕ್ಕೆ 1,200 ರೂ. ಖರ್ಚಾಗಿದ್ದರೆ ಒಬ್ಬೊಬ್ಬ ಗಿರಾಕಿಗೆ 300 ರೂ. ಬಿದ್ದಂತಾಯಿತು. ಒಂದು ಕಟಿಂಗಿಗೆ ಬರುವುದು ಅದಕ್ಕಿಂತ ಎಷ್ಟೋ ಕಡಿಮೆ. ಆತ ನಾಲ್ಕಾರು ಸಲ ಮರಳಿ ಬಂದರಷ್ಟೇ ಹಾಕಿದ ಹಣ ಕೈಗೆ ಬಂದೀತು.

ಇಲ್ಲಿಯೇ ಮುಖ್ಯವಾದ ಇನ್ನೊಂದು ಗೆರೆ ಬೇಕಾಗುವುದು: ಬಂದವರಲ್ಲಿ ಮರಳಿ ಬಂದವರೆಷ್ಟು? ಅದೇ ಉದಾಹರಣೆಯಲ್ಲಿ ಬೋರ್ಡು ನೋಡಿ ಬಂದ 27 ಮಂದಿಯಲ್ಲಿ ಮತ್ತೆ ಬಂದವರು 6, ಪರಿಚಯದವರ ಮಾತಿನಿಂದ ಬಂದ 46 ಮಂದಿಯಲ್ಲಿ ಮತ್ತೆ ಬಂದವರು 30 ಎಂದಾದರೆ ಏನರ್ಥ? ಬೋರ್ಡು ಕರೆತರುವುದು ದಾರಿಹೋಕರನ್ನು. ಮಾತು ಕರೆತರುವುದು ನೆಂಟರನ್ನು. ಆ ಅಂಗಡಿಯವನು ಹೊಸ ಬೋರ್ಡಿನ ಹಣವನ್ನು ಒಳ್ಳೆಯ ಕತ್ತರಿಗೋ, ಶುಭ್ರವಾದ ಟವೆಲುಗಳಿಗೋ ಹಾಕಿದರೆ ಹೆಚ್ಚು ಲಾಭ. ಯಾಕೆಂದರೆ ಈಗ ಕುರ್ಚಿಯಲ್ಲಿ ಕೂತವನೇ ಅವನ ಜಾಹೀರಾತು.

ಕರಪತ್ರವನ್ನೂ ಪರೀಕ್ಷೆಗೆ ಒಡ್ಡಬಹುದು. ಅಮೆರಿಕದ ಜಾಹೀರಾತು ತಜ್ಞ ಕ್ಲಾಡ್ ಹಾಪ್ಕಿನ್ಸ್ 1923ರಲ್ಲಿ ಬರೆದ ‘ಸೈಂಟಿಫಿಕ್ ಅಡ್ವರ್ಟೈಸಿಂಗ್’ ಪುಸ್ತಕದಲ್ಲಿ ಇದರ ಉಪಾಯವಿದೆ. ಜಾಹೀರಾತಿನ ಜೊತೆಗೆ ಕತ್ತರಿಸಿ ಕಳಿಸುವ ಕೂಪನ್ ಇಟ್ಟು, ಒಂದೊಂದು ಜಾಹೀರಾತಿನ ಕೂಪನ್ನಿಗೆ ಒಂದೊಂದು ಗುರುತು ಹಾಕುವುದು. ಬಂದ ಕೂಪನ್ ನೋಡಿದರೆ ಅದನ್ನು ತಂದ ಜಾಹೀರಾತು ಯಾವುದೆಂದು ಗೊತ್ತಾಗುತ್ತದೆ. ಬಿಳಿಚೋಡಿನ ಅಂಗಡಿಯವರೂ ಇದನ್ನೇ ಮಾಡಬಹುದು. ಕಾಲೇಜಿನ ಹತ್ತಿರ ಹಂಚುವ ಚೀಟಿಯ ಮೂಲೆಗೆ ನೀಲಿ ಚುಕ್ಕೆ, ಸಂತೆಯಲ್ಲಿ ಹಂಚುವ ಚೀಟಿಗೆ ಕೆಂಪು ಚುಕ್ಕೆ. ‘ಚೀಟಿ ತಂದವರಿಗೆ ಹತ್ತು ರೂಪಾಯಿ ಕಡಿಮೆ’ ಎಂದರೆ ಚೀಟಿ ತಾನಾಗಿ ಅಂಗಡಿಗೆ ಮರಳುತ್ತದೆ, ತನ್ನ ಊರನ್ನೂ ಹೇಳುತ್ತದೆ.

ದೊಡ್ಡ ಊರಿನ ಸೆಳೆತ

ದಾರಿಯ ಜೊತೆಗೆ ದೂರವನ್ನೂ ಗಮನಿಸಬೇಕು. 2011ರ ಜನಗಣತಿಯ ಪ್ರಕಾರ ದಾವಣಗೆರೆ ನಗರದ ಜನಸಂಖ್ಯೆ ಸುಮಾರು 4.35 ಲಕ್ಷ. ಅಷ್ಟು ದೊಡ್ಡ ಊರು ಬಸ್ಸಿನ ದಾರಿಯಲ್ಲೇ ಇರುವಾಗ ಹಳ್ಳಿಯ ಹುಡುಗರು ಕಟಿಂಗಿಗೆ ಅಲ್ಲಿಗೇ ಹೋಗುವುದಿಲ್ಲವೇ?

ಈ ಸೆಳೆತಕ್ಕೂ ಒಂದು ಸೂತ್ರವಿದೆ. ಅಮೆರಿಕದ ವಿಲಿಯಂ ರೈಲಿ 1931ರಲ್ಲಿ ಪ್ರಕಟಿಸಿದ ನಿಯಮವದು. ಎರಡು ಪಟ್ಟಣಗಳ ನಡುವೆ ಇರುವ ಹಳ್ಳಿಯ ವ್ಯಾಪಾರವನ್ನು ಆ ಪಟ್ಟಣಗಳು ತಮ್ಮ ಜನಸಂಖ್ಯೆಗೆ ಅನುಗುಣವಾಗಿ, ದೂರದ ವರ್ಗಕ್ಕೆ ವಿಲೋಮವಾಗಿ ಸೆಳೆಯುತ್ತವೆ. ನ್ಯೂಟನ್ನನ ಗುರುತ್ವಾಕರ್ಷಣೆಯ ಪಾಠ ಓದಿದ ವಿದ್ಯಾರ್ಥಿಗಳಿಗೆ ಇದು ಹಳೆಯ ಪರಿಚಯದಂತೆ ಕಂಡೀತು.

ಒಂದು ಸಣ್ಣ ಲೆಕ್ಕ: ಎರಡು ಊರುಗಳ ನಡುವೆ 40 ಕಿ.ಮೀ. ದೂರವಿದೆ, ದೊಡ್ಡದರ ಜನಸಂಖ್ಯೆ ಚಿಕ್ಕದರ 9 ಪಟ್ಟು ಎಂದಿಟ್ಟುಕೊಂಡರೆ, ಸೆಳೆತ ಸಮವಾಗುವ ಜಾಗ ಚಿಕ್ಕ ಊರಿನಿಂದ 10 ಕಿ.ಮೀ., ದೊಡ್ಡ ಊರಿನಿಂದ 30 ಕಿ.ಮೀ. 9ನ್ನು 30ರ ವರ್ಗದಿಂದ ಭಾಗಿಸಿ, 1ನ್ನು 10ರ ವರ್ಗದಿಂದ ಭಾಗಿಸಿ ನೋಡಿದರೆ ಎರಡೂ ಕಡೆ ನೂರರಲ್ಲಿ ಒಂದು ಭಾಗವೇ ಬರುತ್ತದೆ.

ಸೂತ್ರ ಸೀರೆ, ಚಿನ್ನ, ಪೀಠೋಪಕರಣಗಳಂಥ ವ್ಯಾಪಾರಕ್ಕೆ ಹೊಂದುವಷ್ಟು ಕ್ಷೌರಕ್ಕೆ ಹೊಂದುವುದಿಲ್ಲ. ಗಡ್ಡಕ್ಕಾಗಿಯೇ ಬಸ್ ಹತ್ತುವವರು ಕಡಿಮೆ. ಆದರೆ ದಾವಣಗೆರೆಗೆ ಕಾಲೇಜಿಗೆಂದು ಹೋದ ಹುಡುಗ ಅಲ್ಲಿಯೇ ಕೂದಲು ತೆಗೆಸಿಕೊಂಡು ಬರುತ್ತಾನೆ. ಅವನ ಅಪ್ಪ ಊರಿನಲ್ಲೇ ತೆಗೆಸಿಕೊಳ್ಳುತ್ತಾನೆ. ನೋಟ್‌ಬುಕ್ಕಿನಲ್ಲಿ ಊರಿನ ಹೆಸರು ಬರೆದು, ತಾಲ್ಲೂಕಿನ ನಕ್ಷೆಯ ಮೇಲೆ ಒಬ್ಬ ಗಿರಾಕಿಗೆ ಒಂದು ಚುಕ್ಕೆ ಇಡುತ್ತ ಹೋದರೆ ಈ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಯಾವ ದಿಕ್ಕಿನಲ್ಲಿ ಚುಕ್ಕೆ ದಟ್ಟವಾಗಿದೆ, ಯಾವ ದಿಕ್ಕು ಬರಿದಾಗಿದೆ? ಬರಿದಾದ ದಿಕ್ಕಿನ ಬಸ್ಸು ಎಷ್ಟು ಗಂಟೆಗೆ ಬರುತ್ತದೆ, ಆಗ ಅಂಗಡಿಯ ಬಾಗಿಲು ತೆರೆದಿರುತ್ತದೆಯೇ? ಇಂಥ ಒಂದು ಪ್ರಶ್ನೆಗೆ ಉತ್ತರ ಸಿಕ್ಕಿದರೂ ನಕ್ಷೆ ಬರೆದ ಶ್ರಮ ಸಾರ್ಥಕ.

ಫೋನು ಹೇಳುವುದು, ಹೇಳದಿರುವುದು

ಈಗ ಮೊಬೈಲ್ ಫೋನಿನ ಕಾಲ. ಗೂಗಲ್ ನಕ್ಷೆಯಲ್ಲಿ ಅಂಗಡಿಯ ಹೆಸರು ಸೇರಿಸುವುದಕ್ಕೆ ಹಣ ಕೊಡಬೇಕಾಗಿಲ್ಲ. ಸೇರಿಸಿದ ಮೇಲೆ ಎಷ್ಟು ಮಂದಿ ಅಲ್ಲಿಂದ ಕರೆ ಮಾಡಿದರು, ಎಷ್ಟು ಮಂದಿ ದಾರಿ ಕೇಳಿದರು ಎಂಬ ಲೆಕ್ಕವನ್ನು ಅದೇ ಕೊಡುತ್ತದೆ. ಓದುವ ಮಕ್ಕಳು ಒಂದು ಸಂಜೆಯಲ್ಲಿ ಇದನ್ನು ಅಪ್ಪನಿಗೆ ಮಾಡಿಕೊಡಬಹುದು.

ಆದರೆ ದಾರಿ ಕೇಳಿದವರೆಲ್ಲ ಬಂದವರಲ್ಲ. ಬಂದವರೆಲ್ಲ ಫೋನನ್ನು ಕೇಳಿದವರೂ ಅಲ್ಲ. 2016ರಲ್ಲಿ ಶುರುವಾದ ಯುಪಿಐ ಮೂಲಕ ಹಣ ಕೊಟ್ಟಾಗ ಕೊಟ್ಟವರ ಹೆಸರು ಕಾಣಿಸುತ್ತದೆ, ಬಂದ ಕಾರಣ ಕಾಣಿಸುವುದಿಲ್ಲ. ಹಾಗಾಗಿ ಯಂತ್ರ ಎಷ್ಟೇ ಜಾಣನಾದರೂ ಕುರ್ಚಿಯ ಪಕ್ಕದಲ್ಲಿ ನಿಂತು ಕೇಳುವ ಬಾಯಿಮಾತಿನ ಬೆಲೆ ತಗ್ಗಿಲ್ಲ.

ಎಷ್ಟು ಮಂದಿಯನ್ನು ಕೇಳಿದರೆ ಸಾಕು?

ಐದು ಜನರನ್ನು ಕೇಳಿ ತೀರ್ಮಾನಕ್ಕೆ ಬರಬಹುದೇ? ಇಲ್ಲಿ ವಿದ್ಯಾರ್ಥಿಗಳಿಗೆ ನೆನಪಿನಲ್ಲಿಡಲು ಸುಲಭವಾದ ಒಂದು ಅಂದಾಜು ಇದೆ. ಕೇಳಿದವರ ಸಂಖ್ಯೆಯ ವರ್ಗಮೂಲದಿಂದ 1ನ್ನು ಭಾಗಿಸಿದರೆ ಸುಮಾರಾಗಿ ತಪ್ಪಿನ ಅಂಚು ಸಿಗುತ್ತದೆ. 25 ಜನರನ್ನು ಕೇಳಿದ್ದರೆ ಶೇ 20ರಷ್ಟು ಆಚೆ ಈಚೆ. 100 ಜನರಾದರೆ ಶೇ 10. 400 ಜನರಾದರೆ ಶೇ 5. ತಪ್ಪನ್ನು ಅರ್ಧಕ್ಕಿಳಿಸಬೇಕಾದರೆ ನಾಲ್ಕು ಪಟ್ಟು ಜನರನ್ನು ಕೇಳಬೇಕು. ಹಳ್ಳಿಯ ಅಂಗಡಿಗೆ ನೂರು ಉತ್ತರ ಧಾರಾಳ. ಐದು ಉತ್ತರ ಏನೇನೂ ಸಾಲದು.

ಸ್ವಲ್ಪ ಮಾಹಿತಿಯಿಂದ ಎಷ್ಟರ ಮಟ್ಟಿಗೆ ನಿಖರವಾಗಿ ಹೇಳಬಹುದು ಎಂಬ ಪ್ರಶ್ನೆಗೆ ಜಗತ್ತೇ ಒಪ್ಪಿದ ಉತ್ತರ ಕೊಟ್ಟವರಲ್ಲಿ ಒಬ್ಬರು ಹುಟ್ಟಿದ್ದು ಇದೇ ಸೀಮೆಯ ಮಗ್ಗುಲಿನಲ್ಲಿ. ಸಿ.ಆರ್. ರಾವ್ ಜನಿಸಿದ್ದು 1920ರ ಸೆಪ್ಟೆಂಬರ್ 10ರಂದು ಹೂವಿನಹಡಗಲಿಯಲ್ಲಿ. ಅಂದು ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆ ಊರು ಇಂದು ವಿಜಯನಗರ ಜಿಲ್ಲೆಯಲ್ಲಿದೆ. ಅಂದಾಜಿನ ನಿಖರತೆಗೆ ಇರುವ ಮಿತಿಯನ್ನು ತೋರಿಸುವ ಅವರ ಪ್ರಸಿದ್ಧ ಪ್ರಬಂಧ ಪ್ರಕಟವಾದದ್ದು 1945ರಲ್ಲಿ, ಅವರಿಗೆ ಇನ್ನೂ 25ರ ಆಸುಪಾಸಿನ ವಯಸ್ಸಿದ್ದಾಗ. 2023ರಲ್ಲಿ, ನಿಧನರಾಗುವ ಕೆಲವೇ ತಿಂಗಳ ಮೊದಲು, ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಅವರಿಗೆ ಸಂದಿತು. ಕ್ಷೌರದಂಗಡಿಯ ನೋಟ್‌ಬುಕ್ಕಿನ ಗೀಟುಗಳೂ ಆ ಶಾಸ್ತ್ರದ ಮೊದಲ ಮೆಟ್ಟಿಲೇ.

ಒಂದು ಕೊರತೆಯನ್ನು ಮಾತ್ರ ಯಾವ ಸೂತ್ರವೂ ತುಂಬಿಕೊಡದು. ಒಮ್ಮೆ ಬಂದು ಮತ್ತೆ ಬಾರದವನನ್ನು, ಬಾಗಿಲವರೆಗೆ ಬಂದು ಹಿಂತಿರುಗಿದವನನ್ನು ಕೇಳುವುದು ಹೇಗೆ? ಹಿಂತಿರುಗಿದವನು ಯಾಕೆ ಹಿಂತಿರುಗಿದ? ಈ ಪ್ರಶ್ನೆಯ ಬೆನ್ನು ಹತ್ತಿದರೆ ಕ್ಷೌರದಂಗಡಿಯ ಕಹಿಯಾದ ಸತ್ಯವೊಂದು ಎದುರಾಗುತ್ತದೆ.

ಯಾವ ದಾರಿ ಎನ್ನಿ, ಯಾರ ಪೈಕಿ ಎನ್ನಬೇಡಿ

‘ಯಾವೂರು?’ ಎಂಬ ಪ್ರಶ್ನೆಗೆ ಹಳ್ಳಿಯಲ್ಲಿ ಎರಡು ಮುಖ. ಊರಿನ ಹೆಸರು ಹೇಳಿದ ಮೇಲೆ ‘ಯಾವ ಓಣಿ?’ ಎಂಬುದು ಬರುತ್ತದೆ. ಅದರ ಬೆನ್ನಿಗೆ ‘ಯಾರ ಪೈಕಿ?’ ಎಂಬುದು ಬರುತ್ತದೆ. ಕೇಳುವವನಿಗೆ ಅದು ಬರಿಯ ಕುತೂಹಲ. ಹೇಳಬೇಕಾದವನಿಗೆ ಒಮ್ಮೊಮ್ಮೆ ಅದು ಬಾಗಿಲು ಮುಚ್ಚುವ ಸದ್ದು. ದಲಿತರಿಗೆ ಕ್ಷೌರ ಮಾಡಲು ನಿರಾಕರಿಸಿದ ಸುದ್ದಿ ಕರ್ನಾಟಕದ ಪತ್ರಿಕೆಗಳಲ್ಲಿ ಇಂದಿಗೂ ಆಗಾಗ ಬರುತ್ತದೆ. ನಿರಾಕರಿಸಿದವನ ಹಿಂದೆ ಎಷ್ಟೋ ಸಲ ಊರಿನ ಬಲವಂತರ ಬೆದರಿಕೆಯಿರುತ್ತದೆ: ‘ಅವರಿಗೆ ಮಾಡಿದರೆ ನಾವು ಬರುವುದಿಲ್ಲ’. ಆಯದ ಕಾಲದ ಹಂಗು ಕಾಸಿನ ಕಾಲದಲ್ಲೂ ಹೀಗೆ ಇಣುಕುತ್ತದೆ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಅಂಗಡಿಗಳ ಪ್ರವೇಶಕ್ಕೆ ಜಾತಿ ಅಡ್ಡಬರಬಾರದೆಂಬ ಮಾತು ಇಂದು ಸಂವಿಧಾನದ 15ನೇ ವಿಧಿಯಲ್ಲಿದೆ. 1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ ಇದರ ಚರ್ಚೆ ನಡೆದಾಗ ‘ಅಂಗಡಿ’ ಎಂದರೇನು ಎಂಬ ಪ್ರಶ್ನೆ ಬಂದಿತು. ಡಾ. ಬಿ.ಆರ್. ಅಂಬೇಡ್ಕರ್ ಆ ಪದಕ್ಕೆ ವಿಶಾಲವಾದ ಅರ್ಥ ಕೊಟ್ಟರು. ಸೇವೆ ಬೇಡಿ ಬಂದವರಿಗೆ ಸೇವೆ ಕೊಡಲು ಮಾಲೀಕ ಸಿದ್ಧನಿರುವ ಸ್ಥಳವೇ ಅಂಗಡಿ ಎಂಬುದು ಅವರ ವಿವರಣೆಯ ಸಾರ. ಬಾಲ್ಯದಲ್ಲಿ ಕ್ಷೌರಿಕರು ಮುಟ್ಟಲೊಪ್ಪದೆ ಅಕ್ಕನ ಕೈಯಲ್ಲಿ ಕೂದಲು ತೆಗೆಸಿಕೊಳ್ಳಬೇಕಾಗಿದ್ದ ಮನುಷ್ಯ ಹೇಳಿದ ಮಾತಿದು. ಜಾತಿಯ ಕಾರಣಕ್ಕೆ ಸೇವೆ ನಿರಾಕರಿಸುವುದನ್ನು 1955ರ ಕಾಯ್ದೆ ಅಪರಾಧವೆಂದು ಸಾರಿತು. ಆ ಕಾಯ್ದೆಗೆ 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂಬ ಹೆಸರು ಬಂದಿತು.

ಕ್ಷೌರಿಕ ಸಮುದಾಯಕ್ಕೆ ಈ ನೋವು ಹೊಸದಲ್ಲ. ಕಸುಬಿನ ಹೆಸರನ್ನೇ ಬೈಗುಳವಾಗಿ ಕೇಳಿದವರು ಅವರು. ‘ಸವಿತಾ ಸಮಾಜ’ ಎಂಬ ಹೆಸರಿನ ಹಿಂದೆ ಇರುವುದು ಗೌರವದ ಹಂಬಲವೇ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ಆಪ್ತರಾಗಿದ್ದ ಹಡಪದ ಅಪ್ಪಣ್ಣನವರನ್ನು ಈ ಕಸುಬಿನವರು ತಮ್ಮ ಹಿರಿಯರೆಂದು ನೆನೆಯುತ್ತಾರೆ. ಅಪ್ಪಣ್ಣನವರ ಪತ್ನಿ ಲಿಂಗಮ್ಮನವರೂ ವಚನಕಾರ್ತಿ. ಬಂದವನನ್ನು ಕುಲ ಕೇಳಿ ಅಳೆಯುವುದು ಸಲ್ಲದೆಂದು ಸಾರಿದ ಬಳಗವದು.

ಆದ್ದರಿಂದ ನೋಟ್‌ಬುಕ್ಕಿನಲ್ಲಿ ಇರಬೇಕಾದದ್ದು ಎರಡೇ: ಊರಿನ ಹೆಸರು, ಬಂದ ದಾರಿ. ಓಣಿ ಬೇಡ, ಮನೆತನ ಬೇಡ, ಗಿರಾಕಿಯ ಹೆಸರೂ ಬೇಡ. ಹೆಸರು ವಿಳಾಸ ಬರೆದಷ್ಟೂ ಹೆಚ್ಚು ತಿಳಿಯುತ್ತದೆಂಬುದು ಭ್ರಮೆ. 2020ರ ಜೂನ್‌ನಲ್ಲಿ ತಮಿಳುನಾಡು ಸರ್ಕಾರ ಕೊರೊನಾ ಪತ್ತೆಗೆಂದು ಕ್ಷೌರದಂಗಡಿಗಳಲ್ಲಿ ಗಿರಾಕಿಗಳ ಹೆಸರು, ವಿಳಾಸ, ಆಧಾರ್ ವಿವರ ಬರೆದಿಡಬೇಕೆಂದು ಸೂಚಿಸಿತ್ತು. ಸೋಂಕಿನ ಜಾಡು ಹಿಡಿಯಲು ಅದು ಬೇಕಾಗಿದ್ದಿರಬಹುದು. ಆದರೆ ಅಂಥ ಪುಸ್ತಕ ತುಂಬಿದರೂ ‘ಯಾಕೆ ಬಂದಿರಿ?’ ಎಂಬುದಕ್ಕೆ ಅದರಲ್ಲಿ ಒಂದಕ್ಷರ ಉತ್ತರವಿರುವುದಿಲ್ಲ. ಜನರ ವೈಯಕ್ತಿಕ ವಿವರಗಳನ್ನು ಡಿಜಿಟಲ್ ರೂಪದಲ್ಲಿ ಸಂಗ್ರಹಿಸುವವರು ಅವರ ಒಪ್ಪಿಗೆ ಪಡೆಯಬೇಕೆಂಬ ತತ್ವವನ್ನು 2023ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯೂ ಎತ್ತಿಹಿಡಿದಿದೆ. ಗೀಟಿಗೆ ಹೆಸರಿಲ್ಲ, ಜಾತಿಯಿಲ್ಲ, ಫೋನ್ ನಂಬರಿಲ್ಲ. ಗೀಟಿನ ದೊಡ್ಡಗುಣವೇ ಅದು.

ಪ್ರಶ್ನೆಯ ಮಾತು ಸ್ವಲ್ಪ ಬದಲಾದರೆ ಸಾಕು, ಅರ್ಥವೇ ತಿರುಗುತ್ತದೆ. ‘ನೀವು ಯಾರ ಪೈಕಿ?’ ಎಂದರೆ ಕೂತವನು ತನ್ನನ್ನು ಸಮರ್ಥಿಸಿಕೊಳ್ಳಬೇಕು. ‘ನಮ್ಮ ಅಂಗಡಿ ನಿಮಗೆ ಹೇಗೆ ಗೊತ್ತಾಯಿತು?’ ಎಂದರೆ ಪರೀಕ್ಷೆಗೆ ಕೂತದ್ದು ಅಂಗಡಿ, ಗಿರಾಕಿಯಲ್ಲ. ಮೊದಲ ಪ್ರಶ್ನೆ ಬಂದವರನ್ನು ಕಳೆಯುತ್ತದೆ. ಎರಡನೆಯದು ಬಾರದವರನ್ನೂ ಕೂಡಿಸುತ್ತದೆ.

ತಂದೆ ತಾಯಂದಿರು ಈ ಕೆಲಸವನ್ನು ಮಕ್ಕಳ ಕೈಗೆ ಕೊಟ್ಟು ನೋಡಬಹುದು. ಶಾಲೆಯ ಪ್ರಾಜೆಕ್ಟಿಗೆಂದು ಎಲ್ಲಿಂದಲೋ ಅಂಕಿಅಂಶ ಇಳಿಸಿಕೊಂಡು ಅಂಟಿಸುವ ಬದಲು, ಅಪ್ಪನ ಅಂಗಡಿಯ ಮೂರು ತಿಂಗಳ ಗೀಟುಗಳನ್ನು ಎಣಿಸಿ ಒಂದು ನಕ್ಷೆ ಬರೆಯಲಿ. ಕ್ಷೌರದಂಗಡಿಯೇ ಆಗಬೇಕೆಂದಿಲ್ಲ, ಟೈಲರಿಂಗ್ ಅಂಗಡಿ, ಹೋಟೆಲು, ಸೈಕಲ್ ಶಾಪು ಯಾವುದಾದರೂ ಸರಿ. ಅಪ್ಪನ ಕಸುಬು ಸಹಪಾಠಿಗಳ ಎದುರು ಹೇಳಿಕೊಳ್ಳಲು ನಾಚುವ ಸಂಗತಿಯಲ್ಲ, ಕೂತು ಅಧ್ಯಯನ ಮಾಡಬಹುದಾದ ಸಂಗತಿ ಎಂಬುದು ಆ ಮಗುವಿಗೆ ತಿಳಿಯುತ್ತದೆ.

ಬುಧವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುತ್ತದೆ. ಬಸ್ಸಿನಿಂದ ಇಳಿದ ಹೊಸ ಮುಖವೊಂದು ಒಳಗೆ ಇಣುಕುತ್ತದೆ. ಬಿಳಿ ಬಟ್ಟೆ ಹೊದಿಸಿ, ನೀರು ಚಿಮುಕಿಸಿ, ಬಾಚಣಿಗೆ ಎತ್ತಿಕೊಂಡ ಮೇಲೆ ಕೇಳಬೇಕಾದ ಮಾತು ಒಂದೇ. ಉತ್ತರ ಏನೇ ಬರಲಿ, ಕನ್ನಡಿಯ ಕೆಳಗಿನ ನೋಟ್‌ಬುಕ್ಕಿನಲ್ಲಿ ಒಂದು ಗೀಟು ಬೀಳಲಿ.